‘ಸಂಪರ್ಕಕ್ಕೆ ಸಿಗಲಿಲ್ಲ’ ಎಂಬ ಕೊನೆಯ ಸಾಲು

ಐದಾರು ಜನ ಬಂದಿದ್ದರು. ಎಲ್ಲರೂ ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳಿಗೆ ಬೆನ್ನು ಹಚ್ಚಿಕೊಂಡಿರುವ ಒಂದು ಹೌಸಿಂಗ್ ಸೊಸೈಟಿಯವರು. ಕಲ್ಯಾಣ ಸ್ಟೇಷನ್ ಬಳಿಯ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದವರೇ, ಕೂತುಕೊಳ್ಳಿ ಎಂದು ನಾನು ಹೇಳುವ ಮೊದಲೇ, ನಮ್ಮದೇ ಪತ್ರಿಕೆಯ ಒಂದು ಕಟ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

“ಪೇಪರ್ ಬಿಕ್ ಗಯಾ ಹೈ ಆಪ್‌ಕಾ,” ಎಂದರು ಮುಂದೆ ನಿಂತಿದ್ದ ಹಿರಿಯರು. ನಿಮ್ಮ ಪೇಪರು ಮಾರಾಟವಾಗಿದೆ ಎಂದು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಅಥಣಿ ಕಡೆಯವಳು. ದನಿ ಮೊದಲೇ ದೊಡ್ಡದು, ಸಿಟ್ಟು ಬಂದರಂತೂ ಕೆಳಗಿನ ವಡಾಪಾವ್ ಗಾಡಿಯವನಿಗೂ ಕೇಳಿಸುತ್ತದೆ. “ಯಾರಿಗೆ ಮಾರೇವ್ರೀ? ತಗೊಂಡಾವ್ರನ್ನ ಕರಕೊಂಡ ಬರ್ರಿ ನೋಡೂಣು!” ಎಂದು ಸಿಟ್ಟಿನ ಭರದಲ್ಲಿ ಕನ್ನಡದಲ್ಲೇ ಕೂಗಿಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ ಎಂದು ಹೊಳೆದ ಮೇಲೆ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಕೂಗಿದೆ. ಅವರೂ ಬಿಡಲಿಲ್ಲ. ಒಂದಷ್ಟು ಹೊತ್ತು ಇಡೀ ಕಚೇರಿ ಮೀನು ಮಾರುಕಟ್ಟೆಯಾಯಿತು. ಹೊರಡುವಾಗ ಆ ಹಿರಿಯರು ಕಟ್ಟಿನ ಕಡೆ ಬೆರಳು ತೋರಿಸಿ, “ನೀವೇ ಓದಿ ನೋಡಿ. ಆ ಹೆಂಗಸಿನ ಮೇಲೆ ಬಂದದ್ದೆಲ್ಲ ಹಾಕಿದ್ದೀರಿ. ಅವಳು ಹೇಳಿದ್ದು ಎಲ್ಲಿದೆ?” ಎಂದರು.

ನಮ್ಮದು ಮರಾಠಿ ದಿನಪತ್ರಿಕೆ. ಮುಖ್ಯ ಕಚೇರಿ ಠಾಣೆಯಲ್ಲಿ, ಸಂಪಾದಕರು ಕೂರುವುದೂ ಅಲ್ಲೇ. ಕಲ್ಯಾಣ-ಡೊಂಬಿವಲಿಯ ಸ್ಥಳೀಯ ಪುಟ ಮಾತ್ರ ನನ್ನ ಡೆಸ್ಕಿನಿಂದ ಹೋಗುತ್ತದೆ. ಆಗ ಮಹಾನಗರಪಾಲಿಕೆಯ ಚುನಾವಣೆ. ಆ ಸೊಸೈಟಿ ಇರುವ ವಾರ್ಡಿನಲ್ಲಿ ನಿಜವಾದ ಪೈಪೋಟಿ ಇದ್ದದ್ದು ಇಬ್ಬರ ನಡುವೆ. ಒಬ್ಬರು ಮಾಜಿ ನಗರಸೇವಕರು, ಅಂದರೆ ಪಾಲಿಕೆಯ ಮಾಜಿ ಸದಸ್ಯರು; ದೊಡ್ಡ ಪಕ್ಷ, ದೊಡ್ಡ ಫಲಕಗಳು. ಇನ್ನೊಬ್ಬರು ಪಕ್ಷೇತರ ಅಭ್ಯರ್ಥಿ, ಅದೇ ಸೊಸೈಟಿಯಲ್ಲಿ ವಾಸವಾಗಿರುವ ಹೆಂಗಸು. ಕುಂದಾಪುರ ಕಡೆಯವರು. ವಾಶಿಯ ಸಗಟು ಮಾರುಕಟ್ಟೆಯ ಒಬ್ಬ ಹಣ್ಣಿನ ವ್ಯಾಪಾರಿಯ ಆಫೀಸಿನಲ್ಲಿ ಕೆಲಸ. ಕಾರ್ಖಾನೆಗಳ ದುರ್ವಾಸನೆಯ ವಿರುದ್ಧ ಸುತ್ತಲಿನ ಜನರನ್ನು ಕೂಡಿಸಿ, ಮಾಲಿನ್ಯ ನಿಯಂತ್ರಣದ ಕಚೇರಿಗೆ ದೂರು ಕೊಡಿಸಿದ್ದು ಆಕೆಯೇ. ಅದೇ ಹೆಸರಿನ ಮೇಲೆ ಚುನಾವಣೆಗೆ ನಿಂತಿದ್ದರು.

ಮಾಜಿಗಳ ಕಡೆಯವರು ಹೊಡೆದದ್ದೂ ಸರಿಯಾಗಿ ಆ ಹೆಸರಿಗೇ. ಆಕೆ ಆ ದೂರನ್ನು ಗುಟ್ಟಾಗಿ ಹಿಂತೆಗೆದುಕೊಂಡಿದ್ದಾರೆ, ಯಾಕೆಂದರೆ ಗಂಡ ಅಲ್ಲಿನ ಕಾರ್ಖಾನೆಯ ನೌಕರ ಎಂದು ಅವರ ಆರೋಪ. ನಾವು ಅದನ್ನು ಪುಟದ ತಲೆಯಲ್ಲೇ ಹಾಕಿದ್ದೆವು. ಮರುದಿನ ಅದಕ್ಕೆ ಬಾಲ ಬಂತು, ಅದನ್ನೂ ಹಾಕಿದೆವು. ಆಮೇಲೆ ‘ನಿವಾಸಿಗಳಲ್ಲಿ ಆಕ್ರೋಶ’ ಎಂದು ಬಂತು, ಅದೂ ಹೋಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮೊದಲ ದಿನದಿಂದಲೂ ಆಕೆಯ ಸುದ್ದಿಗೆ ನಾನು ಕೈ ಹಾಕಿರಲಿಲ್ಲ. ಬೇಕೆಂದೇ ಹಾಕಿರಲಿಲ್ಲ. ಮರಾಠಿ ಪತ್ರಿಕೆಯಲ್ಲಿ ಡೆಸ್ಕಿನ ಮೇಲೆ ಕೂತ ಕನ್ನಡದವಳು ನಾನು. ಕಣದಲ್ಲಿ ಒಬ್ಬ ಕನ್ನಡದ ಹೆಂಗಸು ನಿಂತಿದ್ದಾರೆ. ನಾನು ಒಂದು ಸಲ ಫೋನ್ ಮಾಡಿದರೂ ಸಾಕು, ‘ಬಘಾ, ತ್ಯಾಂಚೀ ಮಾಣಸಂ’ — ನೋಡಿ, ಅವರವರೇ — ಎಂಬ ಮಾತು ಏಳುತ್ತದೆ. ಹಾಗಾಗಿ ಆ ವಾರ್ಡನ್ನು ಪೂರ್ತಿ ನನ್ನ ವರದಿಗಾರ್ತಿಗೆ ಒಪ್ಪಿಸಿ, ಬಂದದ್ದನ್ನು ಬಂದ ಹಾಗೆ ಬಿಡುತ್ತಿದ್ದೆ. ಇದೇ ನಿಷ್ಪಕ್ಷಪಾತ ಎಂದುಕೊಂಡಿದ್ದೆ. ಅದಕ್ಕೇ ‘ಬಿಕ್ ಗಯಾ’ ಎಂದಾಗ ಅಷ್ಟು ಚುರುಕ್ ಎಂದದ್ದು.

ಅವರು ಹೋದ ಮೇಲೆ, ಇವರ ಮಾತು ಸುಳ್ಳು ಮಾಡಿಯೇ ತೀರುತ್ತೇನೆ ಎಂಬ ಹಟದಿಂದ ಆ ಕಟ್ಟನ್ನು ಬಿಡಿಸಿದೆ. ಡೆಸ್ಕಿನವಳ ಹಾಗೆ ಓದದೆ, ಗ್ಯಾಸಿನ ಮೇಲೆ ಹಾಲಿಟ್ಟು ಪೇಪರು ಹಿಡಿದವರ ಹಾಗೆ ಓದಿದೆ. ತಲೆಬರಹ, ಫೋಟೊ, ನಡುವೆ ಒಂದೆರಡು ಸಾಲು, ಆಮೇಲೆ ಸೀದಾ ಕೊನೆಗೆ. ಪ್ರತಿ ವರದಿಯ ಕೊನೆಯಲ್ಲೂ ಒಂದೇ ಸಾಲು ಕೂತಿತ್ತು: ‘ಪ್ರತಿಕ್ರಿಯೆಗಾಗಿ ಪ್ರಯತ್ನಿಸಿದರೂ ಅವರು ಸಂಪರ್ಕಕ್ಕೆ ಸಿಗಲಿಲ್ಲ.’

ಒಂದು ದಿನ ಓದಿದರೆ ಏನೂ ಅನಿಸುವುದಿಲ್ಲ. ದಿನಾ ಓದಿದರೆ, ಈ ಹೆಂಗಸು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾಳೆ ಅನಿಸುತ್ತದೆ. ಆಕೆಯ ಉತ್ತರವನ್ನು ನಾವು ಹಾಕಿಯೇ ಇರಲಿಲ್ಲ ಎಂದೇನಲ್ಲ. ಹಾಕಿದ್ದೆವು, ಮರುದಿನ, ಕೆಳಗಿನ ಮೂಲೆಯಲ್ಲಿ, ‘ಸ್ಪಷ್ಟೀಕರಣ’ ಎಂಬ ಪುಟ್ಟ ತಲೆಬರಹದಡಿ, ಟ್ಯೂಷನ್ ಕ್ಲಾಸಿನ ಜಾಹೀರಾತಿನ ಪಕ್ಕದಲ್ಲಿ. ಅಷ್ಟರಲ್ಲಿ ಮೇಲ್ಗಡೆ ಹೊಸ ಆರೋಪ ಬಂದು ಕೂತಿರುತ್ತಿತ್ತು.

ವರದಿಗಾರ್ತಿಯನ್ನು ಕರೆದೆ. ಅವಳ ತಂದೆ ತಾಯಿ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಕನ್ನಡ ಬೆರೆಸಿದ ಮರಾಠಿಯಲ್ಲಿ ಹೇಳುತ್ತಾಳೆ, ಇಬ್ಬರಿಗೂ ಅದು ರೂಢಿಯಾಗಿದೆ. ಕೆಲಸದಲ್ಲಿ ಚೂಟಿ, ಮೈಗಳ್ಳತನ ಇಲ್ಲ.

“ಆಕೀಗೆ ಯಾವಾಗ ಫೋನ್ ಮಾಡ್ತೀ?”

“ಪುಟ ಬಿಡೋ ಮುಂಚೆ, ರೋಜ್ ಕರತೇ. ತ್ಯಾ ಫೋನ್ ಉಚಲತ್ ನಾಹೀತ್, ಮ್ಯಾಡಮ್. ಮೀ ಕಾಯ್ ಕರೂ?” ದಿನಾ ಮಾಡ್ತೀನಿ, ಅವರು ಎತ್ತಲ್ಲ, ನಾನೇನು ಮಾಡಲಿ ಎಂದಳು.

ಅವಳು ಹೇಳಿದ್ದು ನಿಜ. ನಮ್ಮ ಕ್ರಮವೇ ಹಾಗೆ. ಸ್ಥಳೀಯ ಪುಟ ಎಲ್ಲಕ್ಕಿಂತ ಮೊದಲು ಮುಗಿಯಬೇಕು. ತುರ್ಭೆಯ ಮುದ್ರಣಾಲಯದಲ್ಲಿ ಮೊದಲು ಪ್ಲೇಟು ಹಾಕುವುದು ಆ ಪುಟಕ್ಕೇ. ಸಂಜೆ ಬೀಳುತ್ತಿದ್ದಂತೆ ಪುಟದ ಪಿಡಿಎಫ್ ಹೋಗಿಬಿಡಬೇಕು. ಮಾಜಿಗಳ ಪ್ರಚಾರ ನೋಡಿಕೊಳ್ಳುವಾತ ಇದನ್ನು ಚೆನ್ನಾಗಿ ಬಲ್ಲ. ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ಅವನ ಪ್ರೆಸ್ ನೋಟು ವಾಟ್ಸಾಪಿನಲ್ಲಿ ಬಂದಿರುತ್ತಿತ್ತು. ಶುದ್ಧ ಮರಾಠಿ, ಕಾಗುಣಿತ ಸರಿ, ಜೊತೆಗೆ ನಮಗೆ ಬೇಕಾದ ಅಳತೆಯ ಫೋಟೊ. ನಾವು ಮಾಡಬೇಕಾದದ್ದು ಒಂದು ಫೋನು, ಅದು ಎತ್ತದಿದ್ದರೆ ಆ ಸಾಲು. ಆಕೆ ಮರಳಿ ಫೋನ್ ಮಾಡುವುದು ಪುಟ ಹೋದ ಮೇಲೆ. ದಿನಾ ಹಾಗೇ.

ಹಾಗಾದರೆ ಆ ಹೊತ್ತಿನಲ್ಲಿ ಆಕೆ ಎಲ್ಲಿರುತ್ತಾರೆ? ಇಷ್ಟು ದಿನ ಈ ಪ್ರಶ್ನೆ ನಮ್ಮ ಯಾರ ತಲೆಗೂ ಬಂದಿರಲಿಲ್ಲವಲ್ಲ! ಅಭ್ಯರ್ಥಿ ಎಂದರೆ ಜೀಪಿನಲ್ಲಿ ಕೈ ಮುಗಿದುಕೊಂಡು ತಿರುಗುವವರು ಎಂದೇ ನಮ್ಮ ಲೆಕ್ಕ. ಆ ದಿನ ನಾನು ಮೊದಲ ಸಲ ಆಕೆಗೆ ಫೋನ್ ಮಾಡಿದೆ. ಪತ್ರಿಕೆಯ ಹೆಸರು ಹೇಳಿದ ಕೂಡಲೇ ಆ ಕಡೆಯ ದನಿ ತಣ್ಣಗಾಯಿತು.

“ಓ, ನೀವಾ. ಇವತ್ತು ಎಂತ ಮಾಡಿದ್ದೇನಂತೆ ನಾನು?”

“ಏನಿಲ್ರೀ ಅಕ್ಕಾರ. ನಾಳೆ ನೀವು ವಾಶಿಯಿಂದ ಮನೀಗೆ ಬರೂವಾಗ ನಿಮ್ಮ ಜೋಡಿ ಬರತೇನಿ. ನಡೀತದ?”

“ಬನ್ನಿ. ರೈಲು ನನ್ನಪ್ಪಂದಲ್ಲ ಅಲ್ವಾ,” ಎಂದರು.

ಮರುದಿನ ವಾಶಿ ಸ್ಟೇಷನ್ನಿನಲ್ಲಿ ಕಾದೆ. ಆಕೆ ಬಂದಾಗ ಕೈಯಲ್ಲಿ ಕರಪತ್ರದ ಚೀಲ, ಹೆಗಲಿಗೆ ಊಟದ ಡಬ್ಬಿಯ ಬ್ಯಾಗು. ರಜೆ ಹಾಕಲಿಲ್ಲವೇ ಎಂದು ಕೇಳಿದೆ. “ರಜೆ ಹಾಕಿದ್ರೆ ಸೇಠ್ ಬೇರೆಯವರನ್ನು ತಕ್ಕೊಳ್ತಾರೆ. ಚುನಾವಣೆ ಮುಗಿದ ಮೇಲೂ ಊಟ ಮಾಡ್ಬೇಕಲ್ಲ ನಾವು?” ಎಂದರು. ಠಾಣೆಯವರೆಗೆ ಕೂರಲು ಜಾಗ ಸಿಕ್ಕಿತು. ನಾನು ಏನೇನೋ ಮಾತು ತೆಗೆದೆ, ಆಕೆ ಹೂಂ ಉಹೂಂ ಎನ್ನುತ್ತ ಕಿಟಕಿಯ ಹೊರಗೆ ನೋಡುತ್ತ ಕೂತರು. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಆಚೆ ಪ್ಲಾಟ್‌ಫಾರ್ಮಿಗೆ ಓಡಿ ಫಾಸ್ಟ್ ಲೋಕಲಿನ ಲೇಡೀಸ್ ಬೋಗಿಗೆ ನುಗ್ಗಿದೆವು. ನುಗ್ಗಿದೆವು ಎಂದರೆ ನಾವೇನೂ ಮಾಡಲಿಲ್ಲ, ಹಿಂದಿನವರು ತಳ್ಳಿ ಒಳಗೆ ಹಾಕಿದರು. ಆಕೆಯ ಬ್ಯಾಗು ಎದೆಗೆ ಒತ್ತಿಕೊಂಡಿತ್ತು. ಎರಡೂ ಕೈ ಯಾರದ್ದೋ ಬೆನ್ನಿಗೂ ಯಾರದ್ದೋ ಹೆಗಲಿಗೂ ನಡುವೆ ಸಿಕ್ಕಿಬಿದ್ದಿದ್ದವು.

ನಾನು ಮೊದಲೇ ವರದಿಗಾರ್ತಿಗೆ ಹೇಳಿಟ್ಟಿದ್ದೆ, ದಿನಾ ಮಾಡುವ ಹೊತ್ತಿಗೇ ಇವತ್ತೂ ಮಾಡು, ನಾನು ಎಲ್ಲಿದ್ದೇನೆ ಎಂದು ತಲೆ ಕೆಡಿಸಿಕೊಳ್ಳಬೇಡ ಎಂದು. ಪಾರಸಿಕ್ ಸುರಂಗ ದಾಟುತ್ತಿದ್ದಂತೆ ಆಕೆಯ ಬ್ಯಾಗಿನ ಬಟ್ಟೆಯ ಮೂಲಕ ಒಂದು ಬೆಳಕು ಕಾಣಿಸಿತು. ಸದ್ದು ಯಾರಿಗೂ ಕೇಳಿಸಲಿಲ್ಲ. ಆ ಗದ್ದಲದಲ್ಲಿ ಕೇಳಿಸುವ ಮಾತೂ ಇಲ್ಲ. ಆಕೆಗೆ ಎದೆಯ ಮೇಲೆ ಅದು ನಡುಗುವುದು ಗೊತ್ತಾಯಿತು. ಕೆಳಗೆ ನೋಡಿದರು, ನನ್ನ ಮುಖ ನೋಡಿದರು. ಕೈ ಎತ್ತಲು ಒದ್ದಾಡಿದರು, ಪಕ್ಕದವಳು “ಅಗೋ, ಧಕ್ಕಾ ನಕೋ ಮಾರೂ!” ತಳ್ಳಬೇಡವೇ ಎಂದು ಗದರಿದಳು. ಬೆಳಕು ಆರಿಹೋಯಿತು.

‘ಪ್ರಯತ್ನಿಸಿದರೂ ಸಂಪರ್ಕಕ್ಕೆ ಸಿಗಲಿಲ್ಲ.’ ನಾವು ದಿನಾ ಪುಟದಲ್ಲಿ ಅಚ್ಚು ಹಾಕಿದ್ದು ಇದನ್ನು. ನನಗೆ ನಾಚಿಕೆಯಾಯಿತು.

ಡೊಂಬಿವಲಿಯಲ್ಲಿ ಇಳಿದು, ಜನ ಕರಗುವವರೆಗೆ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತೆವು. “ಆರೋಪಕ್ಕೆ ನಿಮ್ಮ ಉತ್ತರ ಏನ್ರೀ? ಪೂರ್ತಿ ಹೇಳ್ರಿ, ನನಗ ಅವಸರ ಇಲ್ಲ,” ಎಂದೆ.

ಉತ್ತರ ಬಹಳ ಸರಳವಾಗಿತ್ತು. ದೂರು ಹಿಂತೆಗೆದಿಲ್ಲ. ಅಕ್ಕಪಕ್ಕದ ಸೊಸೈಟಿಗಳೂ ದೂರು ಕೊಟ್ಟಿದ್ದರಿಂದ ಎಲ್ಲವನ್ನೂ ಒಂದಾಗಿ ಸೇರಿಸಿ ಎಂದು ಅಧಿಕಾರಿಯೇ ಹೇಳಿದ್ದರು. ಹಾಗಾಗಿ ಆಕೆಯ ಹೆಸರಿನದು ಮುಚ್ಚಿ, ಎಲ್ಲರ ಹೆಸರಿನಲ್ಲಿ ಒಂದೇ ದೂರು ತೆರೆದಿದ್ದರು. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಯಾವತ್ತೋ ಮುಚ್ಚಿಹೋಗಿ, ಆತ ಈಗ ಭಿವಂಡಿಯ ಗೋದಾಮೊಂದರಲ್ಲಿದ್ದಾರೆ.

“ಇದನ್ನೇ ನಾನು ನಿಮ್ಮ ಹುಡುಗಿಗೆ ದಿನಾ ಹೇಳಿದ್ದು ಮಾರಾಯ್ರೆ. ಸೋತ್ರೆ ಸೋತೆ, ಅದಕ್ಕೆಲ್ಲ ಅಳುವವಳಲ್ಲ ನಾನು. ಆದ್ರೆ ನನ್ನ ಬಿಲ್ಡಿಂಗಿನವರು ಲಿಫ್ಟಿನಲ್ಲಿ ನನ್ನ ಜೊತೆ ಹತ್ತುದಿಲ್ಲ ಈಗ. ಬಂದು ನಿಂತವರು, ನಾನಿದ್ದದ್ದು ನೋಡಿ ಎಂತದೋ ಮರೆತ ಹಾಗೆ ವಾಪಸ್ ಹೋಗ್ತಾರೆ. ನಿಮ್ಮ ಆಫೀಸಿಗೆ ಬಂದದ್ದು ಐದಾರು ಜನ ಮಾತ್ರ. ಉಳಿದವರೆಲ್ಲ ಪೇಪರಲ್ಲಿ ಬಂದದ್ದು ಸುಳ್ಳಾ ಅಂತ ಕೇಳ್ತಾರೆ. ಚುನಾವಣೆ ಮುಗೀತದೆ, ನಾನು ಅಲ್ಲೇ ಇರ್ಬೇಕಲ್ಲ?” ಕಣ್ಣು ಒದ್ದೆಯಾಗಿತ್ತು. ಒರೆಸಿಕೊಂಡು, ಚೀಲ ಎತ್ತಿಕೊಂಡು, ಸ್ಟೇಷನ್ನಿನ ಹೊರಗೆ ರಿಕ್ಷಾ ಸಾಲಿನ ಬಳಿ ಕರಪತ್ರ ಹಂಚಲು ಹೋದರು.

ನಾನು ಅಲ್ಲಿಂದಲೇ ಸಂಪಾದಕರಿಗೆ ಫೋನ್ ಮಾಡಿದೆ. ಇನ್ನು ನನ್ನ ಪುಟದಲ್ಲಿ ಯಾವ ಅಭ್ಯರ್ಥಿಯ ಮೇಲಿನ ಆರೋಪವೂ ಉತ್ತರವಿಲ್ಲದೆ ಹೋಗುವುದಿಲ್ಲ, ಒಂದೇ ಚೌಕಟ್ಟಿನಲ್ಲಿ ಎರಡೂ ಇರಬೇಕು, ಉತ್ತರ ಬರದಿದ್ದರೆ ಆರೋಪವೂ ಮರುದಿನಕ್ಕೆ ಕಾಯಬೇಕು ಎಂದೆ. ಅವರು ಕೆಟ್ಟವರಲ್ಲ, ಆದರೆ ಆತಂಕದ ಮನುಷ್ಯ.

“ನಾವು ಕಾಯ್ತೀವಿ, ಬೇರೆ ಪೇಪರಿನವರು ಕಾಯ್ತಾರಾ? ಅಭ್ಯರ್ಥಿ ಫೋನೇ ಎತ್ತದೆ ನಾಲ್ಕು ದಿನ ಕೂತರೆ ಸುದ್ದಿಯನ್ನ ಉಪ್ಪಿನಕಾಯಿ ಹಾಕ್ತೀರಾ?” ಎಂದು ಮರಾಠಿಯಲ್ಲಿ ರೇಗಿದರು.

“ಬೇಕಂತಲೇ ತಪ್ಪಿಸಿಕೊಂಡರೆ, ಅದನ್ನೇ ಬಿಡಿಸಿ ಬರೀತೀವಿ ಸರ್. ಯಾವಾಗ ಕೇಳಿದೆವು, ಎಷ್ಟು ಸಲ ಕೇಳಿದೆವು, ಅಂತ. ಆದರೆ ಮೊದಲು ಅವರಿಗೆ ಮುಟ್ಟೋ ಹಾಗೆ ಕೇಳಬೇಕು.”

ಕೊನೆಗೆ, “ಪುಟದಲ್ಲಿ ಖಾಲಿ ಬಿದ್ದ ಜಾಗ ನಿಮ್ಮ ತಲೆನೋವು,” ಎಂದು ಒಪ್ಪಿದರು.

ಮೊದಲ ಕೆಲಸ, ಹಳೆಯದನ್ನು ಸರಿ ಮಾಡುವುದು. ಆಕೆಯ ಮಾತನ್ನು ಆಕೆಯ ಮಾತೆಂದೇ ಹಾಕಿದರೆ ಸಾಲದು. ವರದಿಗಾರ್ತಿ ಮಾಲಿನ್ಯ ನಿಯಂತ್ರಣದ ಕಚೇರಿಗೆ ಹೋದಳು. ಸಾಹೇಬರು ಮೀಟಿಂಗಿನಲ್ಲಿ. ಮತ್ತೆ ಹೋದಳು, ಚುನಾವಣೆಯ ಕಾಲ, ಏನೂ ಹೇಳುವುದಿಲ್ಲ ಎಂದರು. ಮೂರನೆಯ ಸಲ ಹೋದಾಗ, ಯಾರ ಪರವಾಗಿಯೂ ಹೇಳಬೇಡಿ, ಆ ದೂರು ಬದುಕಿದೆಯೋ ಸತ್ತಿದೆಯೋ ಅಷ್ಟು ಹೇಳಿ ಎಂದು ಬಾಗಿಲಲ್ಲೇ ಕೂತಳಂತೆ. ವಿಚಾರಣೆ ನಡೆಯುತ್ತಿದೆ, ಬೇಕಾದರೆ ನನ್ನ ಹೆಸರು ಹಾಕಿಯೇ ಬರೆಯಿರಿ ಎಂದು ಅಧಿಕಾರಿ ಹೇಳಿದರು. ಮಾಜಿ ನಗರಸೇವಕರನ್ನೂ ಕೇಳಿದೆವು. ದೂರು ಮುಚ್ಚಿದ್ದಂತೂ ನಿಜ ತಾನೇ ಎಂದರು, ಅದನ್ನೂ ಬರೆದೆವು. ಆರೋಪ ಬಂದಿದ್ದ ಜಾಗದಲ್ಲೇ, ಪುಟದ ತಲೆಯಲ್ಲಿ, ಅಷ್ಟೇ ದಪ್ಪದ ತಲೆಬರಹದಲ್ಲಿ ಹಾಕಿದೆವು. ಕೆಳಗೆ, ನಾವು ಆಕೆಗೆ ಕರೆ ಮಾಡುತ್ತಿದ್ದದ್ದು ಪ್ರತಿ ಸಲವೂ ಆಕೆ ರೈಲಿನಲ್ಲಿರುವ ಹೊತ್ತಿಗೆ ಎಂದೂ ಬರೆದೆ. ಪುಟ ವಿನ್ಯಾಸ ಮಾಡುವಾತ “ಇದನ್ನೂ ಹಾಕಬೇಕಾ?” ಎಂದ. ಹಾಕಲೇಬೇಕು ಎಂದೆ.

ಆಮೇಲೆ ಶುರುವಾಯಿತು ನೋಡಿ ಪರದಾಟ. ಪ್ರಚಾರದವನು ಹೊಸ ಪ್ರೆಸ್ ನೋಟು ಕಳಿಸಿದ. ಆಕೆ ಕಾರ್ಖಾನೆಯೊಂದರ ಮಾಲೀಕರ ಜೊತೆ ವೇದಿಕೆಯ ಮೇಲೆ ನಗುತ್ತ ನಿಂತ ಫೋಟೊ. ‘ಇದೇನು ಸಂಬಂಧ?’ ಎಂದು ಪ್ರಶ್ನೆ. ನಾವು ಆಕೆಗೆ ಮೆಸೇಜು ಹಾಕಿದೆವು, ಗಂಡನಿಗೂ ಫೋನ್ ಮಾಡಿದೆವು. ಉತ್ತರ ಪುಟ ಬಿಡುವ ಹೊತ್ತಿಗೆ ಬರಲಿಲ್ಲ. ನಾನು ತಡೆಹಿಡಿದೆ. ಖಾಲಿಯಾದ ಜಾಗಕ್ಕೆ ಆ ವಾರ್ಡಿನಲ್ಲಿ ನೀರು ಯಾವ ದಿನ ಬರುತ್ತದೆ, ಯಾವ ದಿನ ಬರುವುದಿಲ್ಲ ಎಂಬ ಒಂದು ವರದಿ ತುರುಕಿದೆವು. ಬೆಳಗ್ಗೆ ನೋಡಿದರೆ ಎದುರಿನ ಪತ್ರಿಕೆಯಲ್ಲಿ ಅದೇ ಫೋಟೊ ರಾರಾಜಿಸುತ್ತಿದೆ. ಯೂಟ್ಯೂಬಿನವರಂತೂ ಅದಕ್ಕೆ ಸಂಗೀತ ಬೇರೆ ಹಾಕಿದ್ದರು. ಸಂಪಾದಕರು ಫೋನಿನಲ್ಲಿ ನನ್ನನ್ನು ಹಿಡಿದು ಜಾಡಿಸಿದರು. ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಆದರೆ ಫೋನಿಟ್ಟ ಮೇಲೆ ಎದುರಿನ ಪತ್ರಿಕೆಯ ಆ ಫೋಟೊವನ್ನೇ ಮತ್ತೆ ಮತ್ತೆ ನೋಡಿದೆ. ನಾನು ಮಾಡುತ್ತಿರುವುದು ಪತ್ರಿಕೆಯ ಕೆಲಸವೋ, ಮೊಂಡುತನವೋ?

ಮಧ್ಯಾಹ್ನ ಆಕೆಯ ಉತ್ತರ ಬಂತು, ಜೊತೆಗೆ ಪೂರ್ತಿ ಫೋಟೊ. ಯಾವುದೋ ಶಾಲೆಯ ಬಹುಮಾನ ಹಂಚಿಕೆ. ಪ್ರೆಸ್ ನೋಟಿನ ಫೋಟೊದಲ್ಲಿ ಕತ್ತರಿಸಿಹೋಗಿದ್ದ ವೇದಿಕೆಯ ಆ ತುದಿಯಲ್ಲಿ ಮಾಜಿ ನಗರಸೇವಕರೂ ಹಾರ ಹಾಕಿಸಿಕೊಂಡು ನಗುತ್ತ ನಿಂತಿದ್ದರು. ವರದಿಗಾರ್ತಿ ಅದನ್ನು ನೋಡಿ ಚಪ್ಪಾಳೆ ತಟ್ಟಿ ನಕ್ಕಳು. ನಾವು ಪ್ರೆಸ್ ನೋಟಿನ ಪ್ರಶ್ನೆ, ಆಕೆಯ ಉತ್ತರ, ಪೂರ್ತಿ ಫೋಟೊ, ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿದೆವು. ಒಂದು ಟೀಕೆಯ ಶಬ್ದವನ್ನೂ ಸೇರಿಸಲಿಲ್ಲ. ಅಂದು ಸಂಪಾದಕರು ಫೋನ್ ಮಾಡಿ, “ಹೂಂ,” ಎಂದಷ್ಟೇ ಹೇಳಿ ಇಟ್ಟರು. ಅವರ ಹೊಗಳಿಕೆ ಇಷ್ಟೇ.

ನಿಜವಾದ ಕಷ್ಟ ಬಂದದ್ದು ಆಮೇಲೆ. ಈ ಸಲ ಪ್ರೆಸ್ ನೋಟು ಬಂದದ್ದು ಆಕೆಯ ಕಡೆಯಿಂದ. ನಮ್ಮ ಹೊತ್ತನ್ನು ಅವರೂ ಅಷ್ಟರಲ್ಲಿ ಕಲಿತಿದ್ದರು, ಚಹಾಕ್ಕೆ ಮೊದಲೇ ಬಂದಿತ್ತು. ಮಾಜಿ ನಗರಸೇವಕರ ಮಗ ಭಿವಂಡಿಯ ತನ್ನ ಗೋದಾಮಿನಲ್ಲಿ ಅಪಾಯಕಾರಿ ಕೆಮಿಕಲ್ ಡ್ರಮ್ಮುಗಳನ್ನು ಇಟ್ಟಿದ್ದಾನೆ ಎಂದು, ಬಾಗಿಲ ಮೇಲಿನ ಹೆಸರಿನ ಫೋಟೊ ಸಮೇತ. ಪ್ರಚಾರ ಮುಗಿಯಲು ಇನ್ನು ಹೆಚ್ಚು ದಿನ ಇರಲಿಲ್ಲ. ಮಾಜಿಗಳು ಮೆರವಣಿಗೆಯಲ್ಲಿ, ಅವರ ಫೋನು ಹಿಡಿಯುವಾತ, ಸಾಹೇಬರು ಸಿಕ್ಕಿದ ಮೇಲೆ ಹೇಳ್ತೀನಿ ಎಂದ. ಪುಟ ಬಿಡುವ ಹೊತ್ತಾಯಿತು.

ವರದಿಗಾರ್ತಿಯ ಮುಖದಲ್ಲಿ ಆಸೆ ಕಾಣುತ್ತಿತ್ತು. “ಮ್ಯಾಡಮ್, ಆ ಮಾಜಿಗಳು ಈ ಅಕ್ಕನಿಗೆ ಎಷ್ಟು ಕಾಟ ಕೊಟ್ಟರು. ಏಕ್‌ದಾ ಜಾಊದೇ ನಾ.” ಒಂದು ಸಲ ಹೋಗಲಿ ಬಿಡಿ ಎಂದಳು. ನನಗೂ ಒಳಗೆ ಅದೇ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟು ಹೊತ್ತಿಗೆ ಆ ಅಕ್ಕನ ಮೇಲೆ ನನಗೆ ಮಮತೆ ಹುಟ್ಟಿತ್ತು. ಆದರೂ ತಡೆಹಿಡಿದೆ.

ಆಕೆಯ ಫೋನು ಬಂತು. ಈ ಸಲ ದನಿ ತಣ್ಣಗಿರಲಿಲ್ಲ, ಕೆಂಡವಾಗಿತ್ತು.

“ನನ್ನ ಮೇಲೆ ಬಂದದ್ದೆಲ್ಲ ಸರಸರ ಹಾಕಿದ್ರಿ. ನಾನು ಒಂದು ಕೊಟ್ರೆ ಮಾತ್ರ ನಿಮ್ಗೆ ನಿಯಮ ನೆನಪಾಗ್ತದಾ? ಕನ್ನಡದವಳು ಅಂತ ನಿಮ್ಗೇ ಹೆದ್ರಿಕೆ ಅಲ್ವಾ? ಹೇಳಿ ಕಾಂಬ!”

“ಹೆದರಿಕಿ ಇತ್ರೀ ಅಕ್ಕಾರ, ಮೊದಲ ಇತ್ತು,” ಎಂದೆ. “ಅದಕ್ಕ ನಿಮಗ ಫೋನ್ ಹಚ್ಚಲಿಲ್ಲ ನಾ. ಈಗ ಅದಲ್ಲ. ನಿಮಗ ಮಾಡಿದ್ದನ್ನ ಅವರಿಗೂ ಮಾಡಂತೀರೇನು? ಅವರ ಮಗನೂ ಒಂದು ಬಿಲ್ಡಿಂಗಿನ್ಯಾಗ ಇರತಾನ್ರೀ. ಅವಗೂ ಲಿಫ್ಟ್ ಅದ.”

ಆಕೆ ಫೋನ್ ಇಟ್ಟುಬಿಟ್ಟರು. ನಾನು ಆಕೆಯನ್ನು ಕಳೆದುಕೊಂಡೆ ಎಂದುಕೊಂಡೆ.

ಮರುದಿನ ಮಾಜಿಗಳ ಉತ್ತರ ಬಂತು. ಗೋದಾಮು ಅವರ ಮಗನದಲ್ಲ. ಅದೇ ಅಡ್ಡಹೆಸರಿನ ಬೇರೊಂದು ಮನೆತನದ್ದು. ವರದಿಗಾರ್ತಿ ಭಿವಂಡಿಗೆ ಹೋಗಿ ವಿಚಾರಿಸಿದಳು. ಹೌದು, ಬೇರೆಯವರದ್ದೇ. ಅಷ್ಟೇ ಅಲ್ಲ, ಡ್ರಮ್ಮುಗಳಲ್ಲಿ ಇದ್ದದ್ದು ಅಡುಗೆ ಎಣ್ಣೆ. ನಾನು ಆಕೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ನಮ್ಮ ಹುಡುಗರು ಬೋರ್ಡ್ ನೋಡಿ ಬಂದು ಹೇಳಿದ್ದು. ನಾನೂ ಕೇಳ್ಲಿಲ್ಲ,” ಎಂದರು. “ದೇವ್ರೇ, ಹಾಕಿದ್ರೆ ಎಂಥ ಅನಾಹುತ ಆಗ್ತಿತ್ತು ಮಾರಾಯ್ರೆ. ತೆಗೀರಿ ಅದನ್ನು. ನಾನು ವಾಪಸ್ ತಕ್ಕೊಂಡೆ ಅಂತ ಬೇಕಾದ್ರೆ ಬರೀರಿ.”

“ಪುಟದಾಗ ಬಂದೇ ಇಲ್ಲದ್ದನ್ನ ಏನ ಬರೀಲಿ?” ಎಂದೆ. ಆಕೆ ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು.

ಚುನಾವಣೆಯಲ್ಲಿ ಆಕೆ ಸೋತರು. ಫಲಿತಾಂಶದ ದಿನ ವರದಿಗಾರ್ತಿ ಸಪ್ಪಗೆ ಕೂತಿದ್ದಳು, ನನಗೂ ಊಟ ರುಚಿಸಲಿಲ್ಲ. ನಾವು ಮೊದಲ ವಾರವೇ ಸರಿಯಾಗಿ ಕೇಳಿದ್ದಿದ್ದರೆ ಗೆಲ್ಲುತ್ತಿದ್ದರೋ ಏನೋ, ಯಾರು ಬಲ್ಲರು? ಅದನ್ನು ನೆನೆದರೆ ಈಗಲೂ ಒಮ್ಮೊಮ್ಮೆ ಚುಚ್ಚುತ್ತದೆ. ಆದರೆ ಪುಟದ ನಿಯಮ ಹಾಗೇ ಉಳಿಯಿತು. ಠಾಣೆಯ ಪುಟದವರೂ ನವಿ ಮುಂಬಯಿಯವರೂ, ಬಯ್ಯುತ್ತ ಬಯ್ಯುತ್ತಲೇ, ಅದನ್ನು ತೆಗೆದುಕೊಂಡಿದ್ದಾರೆ. ಎಲ್ಲಕ್ಕಿಂತ ತಮಾಷೆ ಎಂದರೆ ಆ ಪ್ರಚಾರದವನದು. ತನ್ನ ನೋಟು ಬೇಗ ಅಚ್ಚಾಗಲಿ ಎಂದು ಈಗ ಎದುರಿನವರನ್ನು ಅವನೇ ಕೇಳಿ, ಉತ್ತರವನ್ನೂ ಜೊತೆಗೇ ಕಳಿಸುತ್ತಾನೆ.

ಫಲಿತಾಂಶ ಬಂದು ಒಂದಷ್ಟು ದಿನಗಳಾದ ಮೇಲೆ ಆ ಸೊಸೈಟಿಯ ಅಂಗಳದಲ್ಲಿ ದುರ್ವಾಸನೆಯ ದೂರಿನ ಬಗ್ಗೆ ನಿವಾಸಿಗಳ ಸಭೆ ಇತ್ತು. ವಿಚಾರಣೆಗೆ ಅಧಿಕಾರಿಗಳು ಕರೆದಿದ್ದರು, ಯಾರು ಹೋಗಬೇಕು, ಏನು ಹೇಳಬೇಕು ಎಂದು ತೀರ್ಮಾನವಾಗಬೇಕಿತ್ತು. ವರದಿಗಾರ್ತಿಗೆ ಜ್ವರ, ನಾನೇ ಹೋದೆ. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಗೆದ್ದು ಮತ್ತೆ ನಗರಸೇವಕರಾದ ಆ ಮಾಜಿಗಳೂ ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು. ಹೇಳಿದ ಹೊತ್ತು ದಾಟಿತು, ಯಾರೂ ಮಾತು ಶುರು ಮಾಡಲಿಲ್ಲ. ನಗರಸೇವಕರು ವಾಚು ನೋಡಿಕೊಂಡು, ಇನ್ನು ಆರಂಭಿಸೋಣವಲ್ಲ ಎಂದರು.

ಸೊಸೈಟಿಯ ಕಾರ್ಯದರ್ಶಿ ಎದ್ದು ನಿಂತರು. “ಥೋಡಂ ಥಾಂಬಾ ಸಾಹೇಬ್,” ಸ್ವಲ್ಪ ತಡೀರಿ ಎಂದರು. “ನಮ್ಮ ವಹಿನಿ ಬರಬೇಕು. ಠಾಣೆಯಿಂದ ಹೊರಟಿದ್ದಾರೆ, ಲೋಕಲ್ ಲೇಟ್ ಇದೆ. ಅವರು ಬಾರದೆ ಹೇಗೆ ಶುರು ಮಾಡೋದು?”

ವಹಿನಿ ಎಂದರೆ ಅತ್ತಿಗೆ, ಆ ಅಕ್ಕನನ್ನೇ ಹೇಳಿದ್ದು. ಯಾರೂ ಏಳಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದ ಕುರ್ಚಿಯ ಮೇಲೆ ತನ್ನ ಕರವಸ್ತ್ರ ಹಾಸಿ ಜಾಗ ಹಿಡಿದಿಟ್ಟಿದ್ದಳು. ನಗರಸೇವಕರು ಮತ್ತೊಮ್ಮೆ ವಾಚು ನೋಡಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಪುಟ ಬಿಡುವ ಹೊತ್ತಾಗಿದೆ, ಸಭೆಯ ಸುದ್ದಿ ಎಲ್ಲಿ ಎಂದು ಡೆಸ್ಕಿನವರು ಕೇಳುತ್ತಿದ್ದರು.

“ಹಿಡಕೋರಿ ಪುಟಾನ,” ಎಂದೆ. “ಆಕಿ ಇನ್ನೂ ರೈಲಿನ್ಯಾಗ ಅದಾರ.”